ಹಳೆಯ ಹಾಲಿವುಡ್ ಚಿತ್ರಗಳನ್ನು ಎಲ್ಲಿಂದ ಆರಂಭಿಸಬೇಕು?

ಹಳೆಯ ಹಾಲಿವುಡ್ ಚಿತ್ರಗಳನ್ನು ನೋಡಬೇಕು, ಯಾವುದರಿಂದ ಆರಂಭಿಸಲಿ ಎಂದು ಕೇಳುವವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ 1941ರ ‘ಸಿಟಿಜನ್ ಕೇನ್’. ನಾನೂ ಹಿಂದೆ ಹಾಗೆಯೇ ಹೇಳುತ್ತಿದ್ದೆ, ಈಗ ಹೇಳುವುದಿಲ್ಲ. ನಿರ್ದೇಶಕ ಆರ್ಸನ್ ವೆಲ್ಸ್ ಅದರಲ್ಲಿ ಮುರಿದದ್ದು ಅಂದಿನ ಚಿತ್ರಗಳ ರೂಢಿಗಳನ್ನು. ಆ ರೂಢಿಗಳ ಪರಿಚಯವೇ ಇಲ್ಲದವರಿಗೆ ಮುರಿದದ್ದೇನೆಂದು ತಿಳಿಯುವುದಾದರೂ ಹೇಗೆ?

ನಾನು ಮೊದಲು ಸೂಚಿಸುವುದು ಸಿಡ್ನಿ ಲುಮೆಟ್ ನಿರ್ದೇಶಿಸಿದ 1957ರ ‘12 ಆಂಗ್ರಿ ಮೆನ್’ ಚಿತ್ರವನ್ನು. ಅವಧಿ 96 ನಿಮಿಷ. ಕಥೆ ಬಹುಪಾಲು ನಡೆಯುವುದು ಒಂದೇ ಕೋಣೆಯಲ್ಲಿ. ತಂದೆಯನ್ನು ಕೊಂದ ಆರೋಪ ಹೊತ್ತ ಹುಡುಗನನ್ನು ಜ್ಯೂರಿಯ (ಆರೋಪಿ ತಪ್ಪಿತಸ್ಥನೇ ಎಂದು ನಿರ್ಧರಿಸುವ ಸಾಮಾನ್ಯ ನಾಗರಿಕರ ತಂಡ) ಹನ್ನೊಂದು ಮಂದಿ ಸದಸ್ಯರು ಅಪರಾಧಿಯೆನ್ನುತ್ತಾರೆ, ಹೆನ್ರಿ ಫಾಂಡಾ ಅಭಿನಯಿಸಿದ ಪಾತ್ರವೊಂದೇ ಒಪ್ಪುವುದಿಲ್ಲ. ನಮ್ಮ ನ್ಯಾಯಾಲಯಗಳಲ್ಲಿ ಈಗ ಜ್ಯೂರಿ ಇಲ್ಲದಿದ್ದರೂ, ಬೇಸ್‌ಬಾಲ್ ಪಂದ್ಯದ ಟಿಕೆಟ್ ಜೇಬಿನಲ್ಲಿಟ್ಟುಕೊಂಡು ‘ಬೇಗ ಮುಗಿಸಿ’ ಎಂದು ಅವಸರಿಸುವಂಥ ಸದಸ್ಯನನ್ನು ನಾವೆಲ್ಲರೂ ಒಂದಲ್ಲ ಒಂದು ಸಭೆಯಲ್ಲಿ ಕಂಡಿದ್ದೇವೆ. ಲುಮೆಟ್ ಕ್ಯಾಮೆರಾವನ್ನು ಆರಂಭದಲ್ಲಿ ಕಣ್ಣಿನ ಮಟ್ಟಕ್ಕಿಂತ ಮೇಲಿಟ್ಟು, ಕ್ರಮೇಣ ಕೆಳಗಿಳಿಸಿ, ಜೊತೆಗೆ ದೂರದ್ದನ್ನು ಹತ್ತಿರ ತೋರುವ, ಹೆಚ್ಚು ನಾಭಿದೂರದ ಲೆನ್ಸ್‌ಗಳನ್ನು ಬಳಸುತ್ತ ಹೋದುದರಿಂದ, ಗೋಡೆಗಳು ಹತ್ತಿರ ಸರಿದಂತೆಯೂ ಕೊನೆಯ ಹೊತ್ತಿಗೆ ಛಾವಣಿಯೇ ತಲೆಯ ಮೇಲೆ ಬಂದಂತೆಯೂ ತೋರುತ್ತದೆ. ಹೊಸಬರಿಗೆ ಇದನ್ನು ನಾನು ಮುಂಚಿತವಾಗಿ ಹೇಳುವುದಿಲ್ಲ. ಉಸಿರುಕಟ್ಟಿದಂತಾಯಿತು ಎಂದು ಅವರೇ ಹೇಳಿದ ಮೇಲೆ ಕಾರಣ ತಿಳಿಸುತ್ತೇನೆ.

ಅನಂತರ ಹಿಚ್‌ಕಾಕ್‌ನ ‘ರಿಯರ್ ವಿಂಡೋ’ (1954). ಕಾಲು ಮುರಿದು ಗಾಲಿಕುರ್ಚಿಯಲ್ಲಿ ಕುಳಿತ ಛಾಯಾಗ್ರಾಹಕನ ಪಾತ್ರದಲ್ಲಿ ಜೇಮ್ಸ್ ಸ್ಟೀವರ್ಟ್ ಕಿಟಕಿಯಿಂದ ನೆರೆಹೊರೆಯವರನ್ನು ನೋಡುತ್ತಿರುತ್ತಾನೆ; ಅವನಿಗೆ ಕಂಡಷ್ಟೇ ಬಹುಮಟ್ಟಿಗೆ ನಮಗೂ ಕಾಣುತ್ತದೆ. ಇಣುಕಿ ನೋಡುವುದು ಸರಿಯಲ್ಲವೆಂದು ತಿಳಿದಿದ್ದರೂ, ಎದುರು ಮನೆಯ ದೀಪ ಆರಿದಾಗ ನಮಗೇ ಅಸಮಾಧಾನವಾಗುತ್ತದೆ.

ನಗೆ ಬೇಕೆನ್ನುವವರಿಗೆ ಫ್ರಾಂಕ್ ಕಾಪ್ರಾನ ‘ಇಟ್ ಹ್ಯಾಪನ್ಡ್ ಒನ್ ನೈಟ್’ (1934) ಸಾಕು. ಬಾಡಿಗೆ ಕೋಣೆಯಲ್ಲಿ ನಾಯಕ ನಾಯಕಿಯರು ಹಗ್ಗಕ್ಕೆ ಕಂಬಳಿ ತೂಗುಹಾಕಿ ತಮ್ಮಿಬ್ಬರ ನಡುವೆ ಗೋಡೆ ಮಾಡಿಕೊಳ್ಳುವ ಪ್ರಸಂಗ ಈಗಲೂ ಹಳತಾಗಿಲ್ಲ. ನನಗೆ ಅದಕ್ಕಿಂತಲೂ ಪ್ರಿಯವಾದದ್ದು ಹೊವರ್ಡ್ ಹಾಕ್ಸ್‌ನ ‘ಹಿಸ್ ಗರ್ಲ್ ಫ್ರೈಡೇ’ (1940). ಆದರೆ ಅದನ್ನು ಮೊದಲ ವಾರದಲ್ಲಿ ಯಾರಿಗೂ ತೋರಿಸುವುದಿಲ್ಲ. ಪಾತ್ರಗಳು ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುವ ಆ ವೇಗದಲ್ಲಿ, ಸಬ್‌ಟೈಟಲ್ ನಂಬಿ ಕುಳಿತವರಿಗೆ ಓದುವುದೇ ಕೆಲಸವಾಗಿ, ನಾಯಕನಟ ಕೇರಿ ಗ್ರಾಂಟ್‌ನ ಮುಖ ನೋಡಲು ಬಿಡುವೇ ಸಿಗುವುದಿಲ್ಲ.