ಬೇಜಾರಿಗೆ ಬಟನ್ ಇಲ್ಲ

ಕಳೆದ ಭಾನುವಾರ ರಾತ್ರಿ ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಲ್ಯಾಪ್‌ಟಾಪಿನಲ್ಲಿ ‘ಆಲ್ಫಾವಿಲ್’ ನೋಡಿದೆ. 1965ರ ಫ್ರೆಂಚ್ ಸಿನಿಮಾ, ಕಪ್ಪು-ಬಿಳುಪು, ಝಾಂ-ಲೂಕ್ ಗೊದಾರ್ ನಿರ್ದೇಶನ. ಒಂದು ಕಂಪ್ಯೂಟರ್ ಇಡೀ ಊರನ್ನು ಆಳೋ ಕಥೆ ಅಂದಿದ್ದಕ್ಕೆ ಅಪ್ಪ ಕನ್ನಡಕ ಒರೆಸಿಕೊಂಡು ಬಂದು ಕೂತ. ರೋಬೋಟು, ರಾಕೆಟ್ಟು ಏನೋ ಇರತ್ತೆ ಅಂದುಕೊಂಡಿದ್ದ, ಪಾಪ. ಹತ್ತು ನಿಮಿಷ ನೋಡಿ, “ಇದು ಯಾವುದೋ ಆಫೀಸಿನ ನೈಟ್ ಶಿಫ್ಟು ಕಣೆ” ಅಂದ.

ಹೆಚ್ಚುಕಮ್ಮಿ ಸರಿಯಾಗೇ ಹೇಳಿದ. ಭವಿಷ್ಯದ ಊರು ತೋರಿಸೋಕೆ ಗೊದಾರ್ ಸೆಟ್ಟೇ ಹಾಕಿಸಲಿಲ್ಲ. ಆಗಿನ ಪ್ಯಾರಿಸ್‌ನಲ್ಲಿ ಹೊಸದಾಗಿ ಎದ್ದಿದ್ದ ಗಾಜು-ಕಾಂಕ್ರೀಟಿನ ಕಟ್ಟಡಗಳು, ಹೋಟೆಲಿನ ಲಾಬಿ, ಲಿಫ್ಟು, ಮುಗಿಯದ ಕಾರಿಡಾರು. ರಾತ್ರಿ ಹೊತ್ತು ಅಲ್ಲಿಗೇ ಕ್ಯಾಮೆರಾ ಹೊತ್ತುಕೊಂಡು ಹೋಗಿ ತೆಗೆದಿದ್ದಾರೆ. ಕ್ಯಾಮೆರಾ ಹಿಡಿದವರು ರಾವುಲ್ ಕುತಾರ್. ಬೇರೆ ಗ್ಯಾಲಕ್ಸಿಯಿಂದ ಬರೋ ಹೀರೋ ಗಗನನೌಕೆಯಲ್ಲಿ ಇಳಿಯಲ್ಲ, ಸೀದಾ ಕಾರು ಓಡಿಸಿಕೊಂಡು ಬರ್ತಾನೆ. ಆಲ್ಫಾ 60 ಅನ್ನೋ ಆ ಕಂಪ್ಯೂಟರನ್ನು ತೋರಿಸುವಾಗ ಎಷ್ಟೋ ಸಲ ಕಾಣೋದು, ತಿರುಗುತ್ತಿರೋ ಒಂದು ಫ್ಯಾನು ಮತ್ತೆ ಅದರ ಹಿಂದೆ ಉರಿಯೋ ಲೈಟು. ಅಪ್ಪ ಮೂವತ್ನಾಲ್ಕು ವರ್ಷ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವನು, ಅವನಿಂದ ಏನನ್ನಾದರೂ ಮುಚ್ಚಿಡೋಕಾಗುತ್ತಾ? “ಫ್ಯಾನಿನ ಹಿಂದೆ ಬಲ್ಬು ಇಟ್ಟು ದೇವರು ಮಾಡಿದಾರಲ್ಲೇ” ಅಂತ ನಕ್ಕ.

ಆದರೆ ಆ ಫ್ಯಾನು ಮಾತಾಡೋಕೆ ಶುರು ಮಾಡಿದ ಮೇಲೆ ಅಪ್ಪ ನಗಲಿಲ್ಲ. ಅದು ಯಂತ್ರದಲ್ಲಿ ಹುಟ್ಟಿಸಿದ ದನಿಯಲ್ಲ. ಧ್ವನಿಪೆಟ್ಟಿಗೆ ಕಳೆದುಕೊಂಡು ಹೊಸದಾಗಿ ಮಾತು ಕಲಿತಿದ್ದ ಒಬ್ಬ ಮನುಷ್ಯನದು. ತೇಗಿದ ಹಾಗೆ, ಉಸಿರು ಸಿಕ್ಕಿಹಾಕಿಕೊಂಡ ಹಾಗೆ, ಒಂದೊಂದೇ ಪದ. ಈಗಿನ ಜೇನುತುಪ್ಪ ಸವರಿದ ಆ್ಯಪ್ ದನಿಗಳನ್ನು ಕೇಳಿ ಕೇಳಿ ಸಾಕಾಗಿರೋ ನನಗೆ ಅದು ಮೈ ಜುಮ್ ಅನ್ನಿಸಿತು.

ಹೀರೋ ಲೆಮ್ಮಿ ಕೋಶನ್. ನಟ ಎಡ್ಡಿ ಕಾನ್‌ಸ್ಟಂಟೀನ್ ಅದಕ್ಕೂ ಮುಂಚೆ ಎಷ್ಟೋ ಪತ್ತೇದಾರಿ ಸಿನಿಮಾಗಳಲ್ಲಿ ಇದೇ ಪಾತ್ರ ಮಾಡಿ ಫ್ರಾನ್ಸಿನಲ್ಲಿ ಮನೆಮಾತಾಗಿದ್ದವನು. ‘ಗೋವಾದಲ್ಲಿ ಸಿಐಡಿ 999’ ರಾಜ್‌ಕುಮಾರನ್ನು ಕೋಟು ಟೋಪಿ ಸಮೇತ ಎತ್ತಿಕೊಂಡು ಹೋಗಿ ಒಂದು ಕಲಾತ್ಮಕ ಸಿನಿಮಾದೊಳಗೆ ಬಿಟ್ಟರೆ ಹೇಗಿರುತ್ತೋ ಹಾಗೆ. ಆ ವರ್ಷ ಬರ್ಲಿನ್ ಚಿತ್ರೋತ್ಸವದಲ್ಲಿ ಇದಕ್ಕೆ ಗೋಲ್ಡನ್ ಬೇರ್ ಬಂತು.

ಈಗ ನನ್ನ ವಿಷಯಕ್ಕೆ ಬರ್ತೀನಿ.

ಆಲ್ಫಾವಿಲ್‌ನಲ್ಲಿ ಪ್ರತಿ ಹೋಟೆಲ್ ಕೋಣೆಯಲ್ಲೂ ಒಂದು ಬೈಬಲ್ ಇರುತ್ತೆ. ತೆಗೆದು ನೋಡಿದರೆ ಅದು ನಿಘಂಟು. ಪದಗಳು ಅದರಿಂದ ಮಾಯವಾಗ್ತಾ ಇರ್ತವೆ, ಹೊಸ ಪ್ರತಿ ಬರ್ತಾ ಇರುತ್ತೆ. ನತಾಶಾ (ಆನಾ ಕರೀನಾ ಮಾಡಿದ ಪಾತ್ರ) ‘ಆತ್ಮಸಾಕ್ಷಿ’ ಅಂತ ಹುಡುಕಿದರೆ ಸಿಗಲ್ಲ. ತನಗೆ ಇಷ್ಟವಾಗಿದ್ದ ಪದಗಳು ಯಾವ್ಯಾವು ಹೋದವು ಅಂತ ಲೆಕ್ಕ ಹಾಕ್ತಾಳೆ. ಅಳು. ಶರತ್ಕಾಲದ ಬೆಳಕು. ಒಂದು ಹಕ್ಕಿಯ ಹೆಸರು. ಆ ಊರಲ್ಲಿ ‘ಯಾಕೆ’ ಅನ್ನೋ ಹಾಗಿಲ್ಲ, ‘ಯಾಕಂದ್ರೆ’ ಅಂತ ಮಾತ್ರ ಹೇಳಬೇಕು. ಹೆಂಡತಿ ಸತ್ತಾಗ ಅತ್ತ ಅನ್ನೋ ತಪ್ಪಿಗೆ ಒಬ್ಬನನ್ನು ಈಜುಕೊಳದ ಅಂಚಿಗೆ ನಿಲ್ಲಿಸಿ ಗುಂಡು ಹೊಡೀತಾರೆ. ಸುತ್ತ ನಿಂತ ದೊಡ್ಡ ಮನುಷ್ಯರು ಚಪ್ಪಾಳೆ ತಟ್ಟುತ್ತಾರೆ.

ನಾನು ಎರಡು ವರ್ಷದಿಂದ ಮಾಡ್ತಿರೋ ಕೆಲಸ ಇದಕ್ಕೆ ತೀರಾ ದೂರದ್ದಲ್ಲ. ಮನೆಯಲ್ಲೇ ಕೂತು ಕನ್ನಡ ಆಡಿಯೋ ತುಣುಕು ಕೇಳೋದು, ಮಾತಾಡಿದವರ ಭಾವನೆ ಯಾವುದು ಅಂತ ಗುರುತು ಹಾಕೋದು. ಮುಂದೆ ಯಾವುದೋ ಯಂತ್ರ ಅದನ್ನು ನೋಡಿ ಕಲಿಯುತ್ತಂತೆ. ನಾಲ್ಕೇ ಬಟನ್: ಸಂತೋಷ, ಕೋಪ, ದುಃಖ, ತಟಸ್ಥ. ಮೊದಲನೇ ವಾರವೇ ‘ಬೇಜಾರು’ ಬಂದು ನನ್ನನ್ನು ಕೆಡವಿತು. “ಅವಳು ಹಂಗಂದಿದ್ದಕ್ಕೆ ಬೇಜಾರಾಯ್ತು” ಅಂದರೆ ಒಂದು. “ರಿಟೈರ್ ಆಗಿ ಮನೇಲಿ ಕೂತು ಕೂತು ಬೇಜಾರು” ಅಂದರೆ ಇನ್ನೊಂದು. “ಬೇಜಾರು ಮಾಡ್ಕೋಬೇಡಿ ಸಾರ್, ಒಂದ್ ನಿಮಿಷ” ಅನ್ನೋದರಲ್ಲಿ ಬೇಜಾರು ಇಲ್ಲವೇ ಇಲ್ಲ, ಅದು ಬರೀ ಮರ್ಯಾದೆ. ಧಾರವಾಡದ ಕಡೆಯವರು “ಬ್ಯಾಸರ ಆಗೇತ್ರೀ” ಅಂದರೆ ದನಿಯಲ್ಲೇ ಒಂದು ನಿಟ್ಟುಸಿರು ಇರುತ್ತೆ, ಅದಕ್ಕೂ ಬಟನ್ ಇಲ್ಲ. ಮೇಲಿನವರನ್ನು ಕೇಳಿದೆ. ಎಲ್ಲ ಬೇಜಾರೂ ‘ದುಃಖ’ಕ್ಕೇ ಹಾಕಿ ಅಂತ ಒಂದು ಸಾಲಿನ ಉತ್ತರ ಬಂತು. ಯಾಕೆ ಅಂತ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ. ಮುಂದಿನ ತಿಂಗಳಿಂದ ಟಿಪ್ಪಣಿ ಬರೆಯೋ ಡಬ್ಬಿಯೇ ಸ್ಕ್ರೀನಿನಿಂದ ಹೋಯಿತು.

ಯಾರೂ ಬಂದೂಕು ಹಿಡಿದಿಲ್ಲ, ಸರಿ. ನನಗೆ ಗಂಟೆ ಲೆಕ್ಕದಲ್ಲಿ ದುಡ್ಡು ಬರುತ್ತೆ, ಸಮಯಕ್ಕೆ ಸರಿಯಾಗಿಯೇ ಬರುತ್ತೆ. ಅದಕ್ಕೇ ಈಗ ‘ದುಃಖ’ ಒತ್ತುವಾಗ ಕೈ ತಡೆಯೋದೂ ಇಲ್ಲ. ಸಿನಿಮಾದ ನಿಘಂಟು ನೋಡಿ ನನಗೆ ಚುಚ್ಚಿದ್ದು ಆ ಕಾರಣಕ್ಕೆ.

ಸಿನಿಮಾ ಪೂರ್ತಿ ಹಿಡಿಸಿತು ಅಂತ ಅಲ್ಲ. ಹೆಂಗಸರನ್ನು ಅದು ನಡೆಸಿಕೊಳ್ಳೋ ರೀತಿ ಕಿರಿಕಿರಿ. ನಂಬರ್ ಹಾಕಿಸಿಕೊಂಡು ಗಂಡಸರನ್ನು ಒಲಿಸೋಕೆ ನಿಂತವರು, ಇಲ್ಲ ಹೀರೋ ಬಂದು ಬಿಡಿಸಬೇಕಾದವಳು. ಕಂಪ್ಯೂಟರಿನ ಕೇಡನ್ನು ತೋರಿಸ್ತಿದ್ದಾರೋ ನಿರ್ದೇಶಕರದ್ದೇ ಖಯಾಲಿಯೋ ಗೊತ್ತಾಗಲ್ಲ. ಹೀರೋ ಹೇಳಿದ ಒಂದು ಒಗಟಿಗೆ ಅಷ್ಟು ದೊಡ್ಡ ಯಂತ್ರ ಕುಸಿದುಬೀಳೋದೂ ನನಗೆ ಸುಲಭದ ದಾರಿ ಅನ್ನಿಸಿತು. ಒಗಟು ಕೇಳಿ ಸಾಯೋ ಯಂತ್ರ ನಾನಂತೂ ನೋಡಿಲ್ಲ. ನಮ್ಮವು “ದಯವಿಟ್ಟು ಮತ್ತೊಮ್ಮೆ ಹೇಳಿ” ಅಂತವೆ.

ಅಪ್ಪನಿಗೆ ಹಿಡಿಸಿದ್ದು ಬೇರೆಯೇ. ಹಳೇ ಏಜೆಂಟ್ ಆನ್ರಿ ಡಿಕ್ಸನ್ ಒಂದು ಕೊಳಕು ಹೋಟೆಲಿನಲ್ಲಿ ಸಾಯೋಕೆ ಕಾಯ್ತಿರ್ತಾನೆ. ಅಲ್ಲಿ ತೂಗುಬಿದ್ದ ಬರೀ ಬಲ್ಬೊಂದು ಓಲಾಡುತ್ತೆ, ಮುಖದ ಮೇಲೆ ಬೆಳಕು ಬರುತ್ತೆ, ಹೋಗುತ್ತೆ. ಎರಡು ಸಲ ಹಿಂದೆ ಓಡಿಸು ಅಂದ. “ಗಾಳಿಗಲ್ಲ, ಯಾರೋ ಕೈಯಲ್ಲಿ ತಳ್ಳಿದಾರೆ. ಇಷ್ಟು ಹೊತ್ತಲ್ಲಿ ಇದೊಂದೇ ನಿಜವಾದ ಬಲ್ಬು” ಅಂದ.

ಹೋದ ತಿಂಗಳು ಅವನ ಪೆನ್ಷನ್ ಖಾತೆ ತಡೆಹಿಡಿದಿದ್ದರು. ಫೋನ್ ಮಾಡಿದರೆ ಹುಡುಗಿ ದನಿಯ ಯಂತ್ರ. ಅಪ್ಪ ಅದು ಯಂತ್ರ ಅಂತ ಗೊತ್ತಿದ್ದೂ, “ಯಾಕಮ್ಮ, ಯಾಕೆ ಅಂತಾದ್ರೂ ಹೇಳಮ್ಮ” ಅಂತ ಕೇಳ್ತಾನೇ ಇದ್ದ. “ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ. ಬಾಕಿ ಮೊತ್ತಕ್ಕೆ ಒಂದನ್ನು ಒತ್ತಿ.” ಕೊನೆಗೆ ಶಾಖೆಗೆ ಮೂರು ಸಲ ಅಲೆದ ಮೇಲೆ ಸರಿಹೋಯಿತು. ಕಾರಣ ಇವತ್ತಿನವರೆಗೂ ಯಾರೂ ಹೇಳಿಲ್ಲ.

ಸೋಮವಾರ ಕೆಲಸಕ್ಕೆ ಕೂತೆ. ಹನ್ನೊಂದನೇ ತುಣುಕು, ಯಾರೋ ವಯಸ್ಸಾದವರು, ಹಿಂದೆ ಕುಕ್ಕರ್ ಕೂಗ್ತಿದೆ. “ಬೇಜಾರ್ ಮಾಡ್ಕೋಬೇಡಮ್ಮ, ನಂಗೆ ಕಿವಿ ಮಂದ, ಇನ್ನೊಂದ್ಸಲ ಹೇಳು.” ಯಂತ್ರ ಆಗಲೇ ‘ದುಃಖ’ ಅಂತ ತುಂಬಿಸಿಟ್ಟಿತ್ತು. ನಾನು ಸ್ಕಿಪ್ ಒತ್ತಿದೆ. ದಿನಕ್ಕೆ ಮೂರು ಸ್ಕಿಪ್ ಮಾತ್ರ. ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಮೂರೂ ಮುಗಿದವು.