ಹತ್ತೊಂಬತ್ತರ ಹುಡುಗನ ಸಿಂಫನಿ

1980ರ ದಶಕದ ಆರಂಭದಲ್ಲಿ ನಾನು ಮೈಸೂರಿನ ನಮ್ಮ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ನಮಗೆ ಕೇಳಿಸಿದವರು ಭೌತಶಾಸ್ತ್ರದ ಮೇಷ್ಟರು. ಸೋವಿಯತ್ ಪುಸ್ತಕ ಪ್ರದರ್ಶನದಲ್ಲಿ ಅಗ್ಗದ ಬೆಲೆಗೆ ಕೊಂಡಿದ್ದ ಮೆಲೋಡಿಯಾ ಎಂಬ ಸೋವಿಯತ್ ಸಂಸ್ಥೆಯ ಗ್ರಾಮಫೋನ್ ರೆಕಾರ್ಡುಗಳನ್ನು ಅವರು ಶನಿವಾರದ ಪ್ರಯೋಗಾಲಯದ ಕೆಲಸ ಮುಗಿದ ಮೇಲೆ ಹಾಕುತ್ತಿದ್ದರು. ರಷ್ಯನ್ ಸಂಗೀತಕಾರ ಮೆಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ಜಯಚಾಮರಾಜೇಂದ್ರ ಒಡೆಯರ್ ಅವರೇ ಹಣ ಕೊಟ್ಟಿದ್ದ ಊರಿನಲ್ಲಿ ಇದೇನೂ ವಿಚಿತ್ರವಲ್ಲ ಎಂಬುದು ಮೇಷ್ಟರ ವಾದವಾಗಿತ್ತು.

ಆ ರೆಕಾರ್ಡುಗಳ ಪೈಕಿ ಸೋವಿಯತ್ ಸಂಗೀತಕಾರ ಶೊಸ್ತಕೋವಿಚ್‌ನ ಮೊದಲ ಸಿಂಫನಿ (ವಾದ್ಯವೃಂದಕ್ಕಾಗಿ ಬರೆದ ಹಲವು ಭಾಗಗಳ ದೀರ್ಘ ಕೃತಿ) ನಮಗೆ ವಿಶೇಷವಾಗಿ ಹಿಡಿಸಲು ಕಾರಣ, ಅದೂ ಒಬ್ಬ ವಿದ್ಯಾರ್ಥಿ ಪದವಿಗಾಗಿ ಒಪ್ಪಿಸಿದ ಕೃತಿಯಾಗಿದ್ದುದು. ಹದಿಮೂರನೆಯ ವಯಸ್ಸಿಗೆ ಪೆಟ್ರೋಗ್ರಾಡ್ (ಮುಂದೆ ಲೆನಿನ್‌ಗ್ರಾಡ್ ಎಂದಾದ ನಗರ) ಕನ್ಸರ್ವೇಟರಿ ಎಂಬ ಸಂಗೀತ ವಿದ್ಯಾಲಯ ಸೇರಿದ ಆ ಹುಡುಗ 1922ರಲ್ಲಿ ತಂದೆಯನ್ನು ಕಳೆದುಕೊಂಡು, ಕ್ಷಯರೋಗದಿಂದ ನರಳಿ, ಮನೆ ನಡೆಸಲು ಮೂಕಿ ಚಿತ್ರಗಳಿಗೆ ಪಿಯಾನೋ ನುಡಿಸುತ್ತ ಓದನ್ನು ಮುಂದುವರಿಸಿದ್ದ. ಪಿಯಾನೋವನ್ನು ವಾದ್ಯವೃಂದದ ನಡುವೆ ಕೂರಿಸಿ, ಎರಡನೆಯ ಭಾಗದಲ್ಲಿ ಅದನ್ನು ಚೇಷ್ಟೆಗಾರನಂತೆ ಓಡಿಸಿ, ಕೊನೆಗೆ ಮೂರು ಬಾರಿ ಜೋರಾಗಿ ಬಡಿಸುವ ಧೈರ್ಯ ಅವನಿಗೆ ಸಿನಿಮಾ ಮಂದಿರದಿಂದಲೇ ಬಂದಿರಬೇಕೆಂದು ನನ್ನ ಊಹೆ.

ಮೇಷ್ಟರು ಹೆಚ್ಚು ಹೊತ್ತು ನಿಲ್ಲುತ್ತಿದ್ದುದು ಗ್ಲಾಜುನೋವ್‌ನ ಪ್ರಸಂಗದಲ್ಲಿ. ಕನ್ಸರ್ವೇಟರಿಯ ನಿರ್ದೇಶಕನಾಗಿದ್ದ ಆತ ಹದಿನಾರರ ಹರೆಯದಲ್ಲಿ, 1882ರಲ್ಲಿ, ತನ್ನದೇ ಮೊದಲ ಸಿಂಫನಿಯನ್ನು ಅದೇ ನಗರದಲ್ಲಿ ಕೇಳಿಸಿದ್ದವನು. ಹುಡುಗನ ಪ್ರತಿಭೆಯನ್ನು ಆತ ಮನಸಾರೆ ಒಪ್ಪಿದ್ದ, ಅವನಿಗೆ ಪಡಿತರ ಕೊಡಿಸಲು ಓಡಾಡಿದ್ದ. ಆದರೂ ಸಿಂಫನಿಯ ಪೀಠಿಕೆಯಲ್ಲಿನ ಸ್ವರಜೋಡಣೆ ಕಿವಿಗೆ ಒಗ್ಗದೆ ಅದನ್ನು ತಿದ್ದಿಸಿದ. ಶಿಷ್ಯ ಎದುರಾಡದೆ ತಿದ್ದಿಕೊಂಡ, ಪ್ರದರ್ಶನಕ್ಕೆ ಮುನ್ನ ಮಾತ್ರ ತಾನು ಮೊದಲು ಬರೆದುದನ್ನೇ ಮರಳಿ ಸೇರಿಸಿದ. ಇದನ್ನು ಹೇಳುವಾಗ ಮೇಷ್ಟರ ಮುಖದಲ್ಲಿ ಕಾಣುತ್ತಿದ್ದ ಸಂತೋಷ ನಮ್ಮ ಪ್ರಯೋಗಾಲಯದ ರೆಕಾರ್ಡು ಪುಸ್ತಕಗಳನ್ನು ತಿದ್ದುವಾಗ ಎಂದೂ ಕಂಡದ್ದಿಲ್ಲ.

1926ರ ಮೇ 12ರಂದು ನಿಕೊಲಾಯ್ ಮಾಲ್ಕೊ ನಿರ್ದೇಶನದಲ್ಲಿ ಲೆನಿನ್‌ಗ್ರಾಡ್ ಫಿಲ್ಹಾರ್ಮೋನಿಕ್ ವಾದ್ಯವೃಂದ ಆ ಹುಡುಗನ ಸಿಂಫನಿಯನ್ನು ಮೊದಲು ನುಡಿಸಿತು. ಶ್ರೋತೃಗಳ ಒತ್ತಾಯಕ್ಕೆ ಎರಡನೆಯ ಭಾಗವನ್ನು ಮತ್ತೊಮ್ಮೆ ನುಡಿಸಬೇಕಾಯಿತು. ಚಪ್ಪಾಳೆಗೆ ತಲೆಬಾಗಲು ವೇದಿಕೆಗೆ ಬಂದವನು ಹತ್ತೊಂಬತ್ತರ ಹುಡುಗ. ಎರಡು-ಮೂರು ವರ್ಷಗಳಲ್ಲಿ ಹೆಸರಾಂತ ವಾದ್ಯವೃಂದ ನಿರ್ದೇಶಕರಾದ ಬ್ರೂನೋ ವಾಲ್ಟರ್ ಅದನ್ನು ಬರ್ಲಿನ್‌ನಲ್ಲಿ, ಸ್ಟೊಕೊವ್ಸ್ಕಿ ಫಿಲಡೆಲ್ಫಿಯಾದಲ್ಲಿ ನುಡಿಸಿದರು.

ಸುಮಾರು ಅರ್ಧ ಗಂಟೆಯ ಆ ಕೃತಿ ಮುಗಿದ ಮೇಲೆ ಮೇಷ್ಟರು ಕೇಳುತ್ತಿದ್ದ ಪ್ರಶ್ನೆ ಒಂದೇ: ಇವನು ಪರೀಕ್ಷಕರನ್ನು ಮರೆತದ್ದು ಎಲ್ಲಿ? ಮೊದಲ ಪುಟದಲ್ಲೇ, ಟ್ರಂಪೆಟ್ ಮತ್ತು ಬಸೂನ್ ಎಂಬ ಊದುವಾದ್ಯಗಳು ಕುಚೋದ್ಯದ ಸಂಭಾಷಣೆಗೆ ತೊಡಗಿದಾಗಲೇ ಎಂಬುದು ಅವರ ಅಭಿಪ್ರಾಯ. ನನಗೆ ಹಾಗೆ ಅನಿಸಿಲ್ಲ. ಮೊದಲೆರಡು ಭಾಗಗಳಲ್ಲಿ ಜಾಣತನದ ಪ್ರದರ್ಶನ ಇದ್ದೇ ಇದೆ. ಮೂರನೆಯ ಭಾಗದಲ್ಲಿ ಓಬೋ ಎಂಬ ಊದುವಾದ್ಯ ಒಂಟಿಯಾಗಿ ಎತ್ತಿಕೊಳ್ಳುವ ದೀರ್ಘ ರಾಗದಲ್ಲಿ ಆ ಜಾಣತನ ಪೂರ್ತಿ ಕಳಚುತ್ತದೆ. ಕೊನೆಯ ಭಾಗದ ಅಬ್ಬರ ಅತಿಯಾಯಿತೆಂದು ನಾನು ಆಗಲೂ ವಾದಿಸಿದ್ದೆ, ಆದರೆ ಆ ಗದ್ದಲವನ್ನು ಥಟ್ಟನೆ ತಡೆದು ನಗಾರಿಯಂಥ ಟಿಂಪನಿಯೊಂದನ್ನೇ ಮಾತನಾಡಲು ಬಿಟ್ಟ ಕ್ಷಣವನ್ನು ಮಾತ್ರ ಮೇಷ್ಟರೂ ನಾನೂ ಒಂದೇ ಬಾಯಿಂದ ಮೆಚ್ಚಿದ್ದೆವು.