ಚೇಂಜ್‌ಓವರ್ ಯಾರ ಲೆಕ್ಕಕ್ಕೆ?

12 ಏಪ್ರಿಲ್ 2025, ಶನಿವಾರ
ರಾಯಚೂರು

ಅಶ್ವಿನಿ ಮಳೆ ಹುಟ್ಟಲು ಇನ್ನೂ ಒಂದೆರಡು ದಿನ ಇದೆ. ಮಳೆ ಬರುತ್ತದೋ ಇಲ್ಲವೋ, ಗಾಳಿಯಂತೂ ಏಳುತ್ತದೆ. ಎಲ್ಲೋ ಒಂದು ಬೇವಿನ ಟೊಂಗೆ 11 ಕೆವಿ ತಂತಿ ಮೇಲೆ ಬೀಳುತ್ತದೆ, ಇಲ್ಲವೇ ಟಿಸಿ (ಓಣಿಯ ಟ್ರಾನ್ಸ್‌ಫಾರ್ಮರ್) ಹತ್ತಿರ ತಂತಿಗಳನ್ನು ಕೂಡಿಸುವ ಜಂಪರ್ ಕಟ್ ಆಗುತ್ತದೆ, ಓಣಿಗೆ ಓಣಿಯೇ ಕತ್ತಲು. ಶಕ್ತಿನಗರದಲ್ಲಿ 1720 ಮೆಗಾವ್ಯಾಟ್, ಯರಮರಸ್‌ನಲ್ಲಿ 1600 ಮೆಗಾವ್ಯಾಟ್ ಸ್ಥಾವರ ಇಟ್ಟುಕೊಂಡೂ ಹೀಗೇಕೆ ಎಂದು ಊರವರು ಬೈಯುವುದುಂಟು. ಬೈಗುಳ ನ್ಯಾಯವೇ, ಆದರೆ ಇಂಥ ಸಂಜೆ ಕರೆಂಟು ಕೆಡುವುದು ಸ್ಥಾವರದಲ್ಲಲ್ಲ, ಮನೆಗೆ ಬರುವ ಕೊನೆಯ ಒಂದೆರಡು ಕಿಲೋಮೀಟರಿನಲ್ಲಿ.

ಮನೆಯೊಳಗೂ ಅದೇ ಕಥೆ. ಇಂದು ಮೇಜಿನ ಮೇಲಿರುವುದು ಮಂತ್ರಾಲಯ ರಸ್ತೆ ಕಡೆಯ ಒಂದು ಹೊಸ ಮನೆಯ ಎರಡು ಎಸ್ಟಿಮೇಟ್. ಒಂದು ವೈರಿಂಗ್‌ನದು, ಒಂದು ಜನರೇಟರ್‌ನದು. ಎರಡರಲ್ಲೂ ಚೇಂಜ್‌ಓವರ್ ಸ್ವಿಚ್ (ಮನೆಯನ್ನು ಲೈನಿನ ಕರೆಂಟಿನಿಂದ ಜನರೇಟರಿಗೆ ಬದಲಿಸುವ ಸ್ವಿಚ್) ಇಲ್ಲ, ಜನರೇಟರಿನಿಂದ ಬೋರ್ಡಿನವರೆಗಿನ ಕೇಬಲ್ ಇಲ್ಲ, ಜನರೇಟರಿನ ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಜೋಡಣೆ) ಇಲ್ಲ. ವೈರಿಂಗ್‌ನವರನ್ನು ಕೇಳಿದರೆ "ಅದು ಜನರೇಟರ್‌ನವ್ರು ಮಾಡ್ತಾರ್ರಿ". ಜನರೇಟರ್‌ನವರನ್ನು ಕೇಳಿದರೆ "ಅದು ನಿಮ್ಮ ಎಲೆಕ್ಟ್ರಿಷಿಯನ್ ನೋಡ್ಕೋತಾನ್ರಿ". ನಡುವಿನ ಆ ಹದಿನೈದು ಮೀಟರ್ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಸುಡುವುದು, ಶಾಕ್ ಹೊಡೆಯುವುದು ಹೆಚ್ಚಾಗಿ ಅಲ್ಲೇ. ಆದ್ದರಿಂದ ಮೊದಲ ಕೆಲಸ, ಆ ಮೂರೂ ಬಾಬತ್ತು ಒಬ್ಬನ ಎಸ್ಟಿಮೇಟಿನಲ್ಲಿ ಅಳತೆಯ ಸಮೇತ ಬರೆಸುವುದು. ಯಾರದ್ದಾದರೂ ಸರಿ, ಒಬ್ಬನದಾಗಿರಬೇಕು.

ಆಳನ್ನು ಆರಿಸುವುದು. ವೈರಿಂಗ್ ಮಾಡುವ ಹುಡುಗನ ಕೈಚಳಕ ಬೇರೆ, ಕಾಗದ ಬೇರೆ. ಹೊಸ ಮೀಟರ್ ಬೇಕಾದರೆ ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರನ ಸಹಿಯುಳ್ಳ ಕಂಪ್ಲೀಷನ್ ರಿಪೋರ್ಟ್ ಇಲ್ಲಿಗೆ ಕರೆಂಟು ಕೊಡುವ ಕಂಪನಿ ಜೆಸ್ಕಾಂಗೆ ಕೊಡಬೇಕು. ಆ ಲೈಸೆನ್ಸ್ ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ. ತಂತಿ ಎಳೆಯುವವನಿಗೆ ವೈರ್‌ಮನ್ ಪರ್ಮಿಟ್ ಬೇರೆ. ಊರಲ್ಲಿ ನಡೆಯುವ ರೂಢಿ ಎಂದರೆ ಕೆಲಸ ಒಬ್ಬನದು, ಸಹಿ ಇನ್ನೊಬ್ಬನದು. ಸಹಿ ಹಾಕುವವನು ಒಂದು ಸಲವೂ ಮನೆಗೆ ಬಂದಿಲ್ಲ ಎಂದಾದರೆ ಆ ರಿಪೋರ್ಟಿನಲ್ಲಿ ಬರೆದ ಅರ್ಥ್ ಓಮ್ಸ್ (ಅರ್ಥಿಂಗಿನ ರೋಧ), ಮೆಗ್ಗರ್ ರೀಡಿಂಗ್ (ತಂತಿಯ ಹೊದಿಕೆ ಕರೆಂಟು ಸೋರದಂತೆ ಎಷ್ಟು ತಡೆಯುತ್ತದೆ ಎಂಬ ಅಳತೆ) ಎಲ್ಲ ಕುಳಿತಲ್ಲೇ ಬರೆದದ್ದು ಎಂದೇ ತಿಳಿಯಬೇಕು. ಲೈಸೆನ್ಸ್ ಯಾವ ತಾರೀಖಿನವರೆಗೆ ಚಾಲ್ತಿ ಇದೆ ಎಂದು ನೋಡಿ. ಮೆಗ್ಗರ್, ಅರ್ಥ್ ಟೆಸ್ಟರ್ ಇವೆಯೇ ಎಂದು ಕೇಳಿ. ಸ್ವಂತದ್ದೇ ಆಗಬೇಕೆಂದಿಲ್ಲ, ಬಾಡಿಗೆಗೆ ತಂದರೂ ಆದೀತು. ತರುತ್ತೇನೆ ಎಂದು ಹೇಳುವವನು ಬೇಕು.

ಪಾಯಿಂಟ್ ಲೆಕ್ಕದಲ್ಲಿ ಕೂಲಿ ಮಾತಾಡುವಾಗ ಪಾಯಿಂಟ್ ಎಂದರೇನು ಎಂದು ಮೊದಲೇ ತೀರ್ಮಾನವಾಗಲಿ. ಮೆಟ್ಟಿಲ ಬಳಿಯ ಟೂ-ವೇ ಒಂದೋ ಎರಡೋ? 16 ಆಂಪಿಯರ್ ಪವರ್ ಪಾಯಿಂಟಿಗೆ ಬೇರೆ ದರವೇ? ಬೋರ್ಡಿನಲ್ಲೇ ಇರುವ ಸಾಕೆಟ್ ಲೆಕ್ಕಕ್ಕುಂಟೇ? ಗೋಡೆ ಕೊರೆದ ಮೇಲೆ ಮುಚ್ಚುವುದು ಇವನೋ ಗೌಂಡಿಯೋ? ಬಿಲ್ಲಿನ ಜಗಳ ಹೆಚ್ಚುಕಮ್ಮಿ ಈ ನಾಲ್ಕರಲ್ಲೇ ಹುಟ್ಟುತ್ತದೆ.

ತಂತಿಯ ಬಗ್ಗೆ ಬಹಳ ಹೇಳುವುದಿಲ್ಲ. ಲೈಟು ಫ್ಯಾನಿಗೆ 1.5 ಚದರ ಮಿಲಿಮೀಟರ್, 16 ಆಂಪಿಯರ್ ಸಾಕೆಟ್ಟಿಗೆ 2.5, ಎಸಿ ಗೀಜರಿಗೆ 4. ಎಲ್ಲ ಐಎಸ್ 694 ಮುದ್ರೆಯ ತಾಮ್ರ. ಕರೆಂಟು ಮರಳುವ ನ್ಯೂಟ್ರಲ್ ಕಪ್ಪು, ಅರ್ಥ್ ಹಸಿರು. ಕಪ್ಪು ತಂತಿ ತೀರಿತು ಎಂದು ಹಸಿರನ್ನು ನ್ಯೂಟ್ರಲ್ ಮಾಡುವವನನ್ನು ಅಂದೇ ಕಳಿಸಿಬಿಡಿ. ಕಂಬದಿಂದ ಬರುವ ಸರ್ವಿಸ್ ವೈರ್ ಅಲ್ಯೂಮಿನಿಯಂ, ಒಳಗಿನದು ತಾಮ್ರ. ಇವೆರಡನ್ನು ಕೈಯಿಂದ ಹೊಸೆದು ಟೇಪ್ ಸುತ್ತಿದರೆ ಎರಡು ಬೇಸಿಗೆಯೊಳಗೆ ಆ ಗಂಟು ಕರ್ರಗಾಗುತ್ತದೆ. ಎರಡೂ ಲೋಹಕ್ಕೆ ಹೊಂದುವ ಬೈಮೆಟಲ್ ಲಗ್ (ತಂತಿಯ ತುದಿಗೆ ಒತ್ತುವ ಜೋಡಣೆ) ಹಾಕಿಸಿ. ಬಲ್ಬು ಫ್ಯಾನು ಕೂಡಿಸುವ ಮುನ್ನ 500 ವೋಲ್ಟ್ ಮೆಗ್ಗರ್ ಇಟ್ಟರೆ ಕನಿಷ್ಠ 1 ಮೆಗಾಓಮ್ ಬರಬೇಕು.

ಅರ್ಥಿಂಗ್ ಮಾತ್ರ ನಿಂತು ನೋಡಬೇಕಾದದ್ದು. ಕೃಷ್ಣಾ ತುಂಗಭದ್ರಾ ನಡುವಿನ ನಮ್ಮ ದೋಆಬ್ ನೆಲ ಎರಡು ಬಗೆ. ಒಂದು ಕಡೆ ಎರೆ, ಒಂದು ಕಡೆ ಕಲ್ಲು. ಎರೆಮಣ್ಣು ಹಸಿ ಇದ್ದಾಗ ಕರೆಂಟನ್ನು ಚೆನ್ನಾಗಿ ಒಯ್ಯುತ್ತದೆ; ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಶ್ರಾವಣದಲ್ಲಿ 3 ಓಮ್ ತೋರಿಸಿದ್ದು ಈಗ 30 ತೋರಿಸಿದರೆ ಅಚ್ಚರಿ ಇಲ್ಲ. ಗುಡ್ಡದ ಬದಿಯ ಬಡಾವಣೆಗಳಲ್ಲಿ ನಾಲ್ಕಡಿಗೆ ಬಂಡೆ ಸಿಗುತ್ತದೆ. ಪೈಪನ್ನು ಅಲ್ಲೇ ಕತ್ತರಿಸಿ ಮೇಲೆ ಮಣ್ಣು ಎಳೆದುಬಿಡುತ್ತಾರೆ. ಬೇಕಾದದ್ದು 40 ಮಿಲಿಮೀಟರ್ ವ್ಯಾಸದ, 2.5 ಮೀಟರ್ ಉದ್ದದ ಜಿಐ ಪೈಪ್, ಸುತ್ತ ಇದ್ದಿಲು ಉಪ್ಪು. ಅದಕ್ಕಿಂತ ಒಳ್ಳೆಯದು ತಾಮ್ರ ಲೇಪದ ರಾಡ್, ಸುತ್ತ ಬೆಂಟೊನೈಟ್ ಎಂಬ ಜೇಡಿಮಣ್ಣು. ಬೆಂಟೊನೈಟ್ ನೀರು ಹಿಡಿದಿಡುತ್ತದೆ, ಉಪ್ಪಿನಂತೆ ಕಬ್ಬಿಣ ತಿನ್ನುವುದಿಲ್ಲ. ಬಂಡೆ ಸಿಕ್ಕರೆ ಬೋರ್ ಮಷಿನ್ನಿನಲ್ಲಿ ತೂತು ಹೊಡೆಸಬೇಕು, ಇಲ್ಲವೇ ಜಾಗ ಬದಲಿಸಬೇಕು. ಪೈಪಿನ ಅಳತೆಯನ್ನು ಹೂಳುವ ಮುನ್ನ ನೋಡಿ; ಆಮೇಲೆ ನೋಡಲು ಏನೂ ಉಳಿಯುವುದಿಲ್ಲ.

"ಬಲ್ಬ್ ಹತ್ತೈತಲ್ರಿ, ಅರ್ಥ್ ಛಲೋ ಐತಿ" ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಕರೆಂಟು ತರುವ ಫೇಸಿಗೂ ಅರ್ಥಿಗೂ ನಡುವೆ 100 ವ್ಯಾಟ್ ಬಲ್ಬ್ ಹಚ್ಚಿ ತೋರಿಸುತ್ತಾರೆ. ಲೆಕ್ಕ ಹಾಕಿ: ಆ ಬಲ್ಬಿನ ರೋಧ ಸುಮಾರು 529 ಓಮ್. ಅರ್ಥ್ 40 ಓಮ್ ಇದ್ದರೂ ಬಲ್ಬಿಗೆ 214 ವೋಲ್ಟ್ ಸಿಗುತ್ತದೆ, ಉಜ್ವಲವಾಗಿಯೇ ಹತ್ತುತ್ತದೆ. ಆದರೆ ಗೀಜರಿನ ಬಾಡಿಗೆ ಫೇಸ್ ತಗುಲಿದ ದಿನ ಅದೇ 40 ಓಮ್‌ನಲ್ಲಿ ಹರಿಯುವುದು 5.75 ಆಂಪಿಯರ್; 16 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಜಪ್ಪಯ್ಯ ಎಂದರೂ ಬೀಳುವುದಿಲ್ಲ, ಬಾಡಿಯಲ್ಲಿ ಕರೆಂಟು ಹಾಗೇ ನಿಂತಿರುತ್ತದೆ. ಅರ್ಥ್ ಟೆಸ್ಟರ್ ಇಟ್ಟು 5 ಓಮ್ ಒಳಗೆ ತರಿಸಿ. ತಂದರೂ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ಅಷ್ಟು ವ್ಯತ್ಯಾಸ ಬಂದರೆ ಬೀಳುವ ಸ್ವಿಚ್) ಬಿಡುವಂತಿಲ್ಲ.

ಆ ಆರ್‌ಸಿಸಿಬಿಗೆ ದೊಡ್ಡ ಶತ್ರು ಇನ್ವರ್ಟರ್. ಇನ್ವರ್ಟರಿನ ಫೇಸನ್ನು ಬೇರೆ ಎಳೆದು, ನ್ಯೂಟ್ರಲ್ ಮಾತ್ರ ಮನೆಯದ್ದನ್ನೇ ಬಳಸುತ್ತಾರೆ. ಹೋದ ಕರೆಂಟು ಒಂದು ದಾರಿ, ಬಂದ ಕರೆಂಟು ಇನ್ನೊಂದು ದಾರಿ. ಆರ್‌ಸಿಸಿಬಿಗೆ ಲೆಕ್ಕ ತಾಳೆಯಾಗದೆ ಮತ್ತೆ ಮತ್ತೆ ಬೀಳುತ್ತದೆ. ಆಗ "ಇದು ಡೂಪ್ಲಿಕೇಟ್ ಪೀಸ್ ರೀ" ಎಂದು ಹೇಳಿ ಅದನ್ನೇ ಬೈಪಾಸ್ ಮಾಡಿ ಹೋಗುತ್ತಾರೆ. ಮದ್ದು ಸರಳ: ಇನ್ವರ್ಟರ್ ಸರ್ಕ್ಯೂಟುಗಳಿಗೆ ಬೇರೆ ನ್ಯೂಟ್ರಲ್, ಬೇರೆ ನ್ಯೂಟ್ರಲ್ ಪಟ್ಟಿ, ಅದಕ್ಕೊಂದು ಬೇರೆ ಆರ್‌ಸಿಸಿಬಿ. ವೈರ್ ಎಳೆಯುವ ಮುನ್ನ ಹೇಳಿದರೆ ಒಂದು ಕಾಯಿಲ್ ತಂತಿಯಲ್ಲಿ ಮುಗಿಯುತ್ತದೆ. ಪ್ಲಾಸ್ಟರ್ ಆದ ಮೇಲೆ ಗೋಡೆ ಒಡೆಯಬೇಕು.

ಇನ್ನು ಜನರೇಟರ್. ಅದರ ಸಾಮರ್ಥ್ಯದ ಅಳತೆ ಕೆವಿಎ. "ಎಷ್ಟು ಕೆವಿಎ ಬೇಕು" ಎಂದು ಅಂಗಡಿಯವನನ್ನು ಕೇಳಬೇಡಿ, ಅವನ ಹತ್ತಿರ ಇರುವಷ್ಟು ಬೇಕು ಎನ್ನುತ್ತಾನೆ. ಈ ಮನೆಯದ್ದು ಹೀಗೆ: ಎಂಟು ಫ್ಯಾನ್ 600 ವ್ಯಾಟ್, ಲೈಟು 200, ಫ್ರಿಜ್ 200, ಟಿವಿ 100, ಒಂದೂವರೆ ಟನ್ ಇನ್ವರ್ಟರ್ ಎಸಿ 1500, ಬೋರಿನ 1.5 ಎಚ್‌ಪಿ ಮೋಟರ್ 1600. ಒಟ್ಟು 4200 ವ್ಯಾಟ್. 5 ಕೆವಿಎ ಸಾಕು ಅನಿಸುತ್ತದೆ, ಸಾಲದು. ಆ ಮೋಟರ್ ಓಡುವಾಗ 10 ಆಂಪಿಯರ್ ಎಳೆದರೆ, ಹಚ್ಚಿದ ಕ್ಷಣ ಒಂದೆರಡು ಸೆಕೆಂಡ್ 40ರ ಹತ್ತಿರ ಎಳೆಯುತ್ತದೆ. ಅದೊಂದೇ 9 ಕೆವಿಎ ದಾಟುತ್ತದೆ. 5 ಕೆವಿಎ ಸೆಟ್ಟು ಕುಂಯ್ ಎಂದು ಕುಸಿಯುತ್ತದೆ, ವೋಲ್ಟೇಜ್ ಬಿದ್ದು ಫ್ರಿಜ್ ಕಂಪ್ರೆಸರ್ ಗುಂಯ್‌ಗುಡುತ್ತದೆ. ಎಸಿ ಬಂದ್ ಇಟ್ಟು ಮೋಟರನ್ನೇ ಮೊದಲು ಹಚ್ಚುವ ಶಿಸ್ತು ಮನೆಯಲ್ಲಿದ್ದರೆ 7.5 ಕೆವಿಎ, ಇಲ್ಲದಿದ್ದರೆ 10. ಶಿಸ್ತಿನ ಬಗ್ಗೆ ನಮಗೆ ಅಷ್ಟು ನಂಬಿಕೆ ಇಲ್ಲ. ಮೋಟರನ್ನು ಜನರೇಟರ್ ಬೋರ್ಡಿನಿಂದಲೇ ಹೊರಗಿಟ್ಟು, ಓವರ್‌ಹೆಡ್ ಟ್ಯಾಂಕನ್ನು ಕರೆಂಟಿದ್ದಾಗ ತುಂಬಿಸಿಕೊಳ್ಳುವುದು ಮೇಲು. ಆಗ ಉಳಿಯುವುದು 2600 ವ್ಯಾಟ್, 5 ಕೆವಿಎ ನಿಜಕ್ಕೂ ಸಾಕು. ಈ ಒಂದು ತೀರ್ಮಾನದಲ್ಲಿ ಉಳಿಯುವ ದುಡ್ಡಿನಲ್ಲಿ ಅರ್ಥಿಂಗ್, ಚೇಂಜ್‌ಓವರ್ ಎರಡೂ ಆಗುತ್ತವೆ.

ದೊಡ್ಡದು ತಂದರೆ ಒಳ್ಳೆಯದೇ ಅಲ್ಲವೇ ಎಂಬ ಮಾತು ಬರುತ್ತದೆ. ಅಲ್ಲ. 10 ಕೆವಿಎ ಡೀಸೆಲ್ ಸೆಟ್ಟಿನಲ್ಲಿ ರಾತ್ರಿ ಬರೀ ಫ್ಯಾನು, ಅರ್ಧ ಕಿಲೋವ್ಯಾಟ್ ಓಡಿಸಿದರೂ ಗಂಟೆಗೆ ಒಂದು ಲೀಟರಿನ ಹತ್ತಿರ ಕುಡಿಯುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೆ ಯೂನಿಟ್ಟಿಗೆ 180 ರೂಪಾಯಿ. ಸರಿಯಾದ ಲೋಡಿನಲ್ಲಿ ಅದೇ ಯೂನಿಟ್ಟು 30–35ಕ್ಕೆ ಬರುತ್ತದೆ. ಮೂವತ್ತು ಶೇಕಡಕ್ಕಿಂತ ಕಡಿಮೆ ಲೋಡಿನಲ್ಲಿ ದಿನಾ ಓಡಿಸಿದರೆ ಇಂಜಿನ್ ಬಿಸಿಯೇರದೆ, ಡೀಸೆಲ್ ಪೂರ್ತಿ ಉರಿಯದೆ, ಸೈಲೆನ್ಸರಿನಿಂದ ಕರಿ ಎಣ್ಣೆ ಜಿನುಗುತ್ತದೆ. ರಾತ್ರಿಯ ಫ್ಯಾನಿಗೆ 150 ಎಎಚ್ ಟ್ಯೂಬುಲರ್ ಬ್ಯಾಟರಿ ಸಾಕು: 300 ವ್ಯಾಟಿಗೆ ನಾಲ್ಕು ಗಂಟೆ ಬರುತ್ತದೆ. ಈ ಸೆಕೆಗೆ ಬ್ಯಾಟರಿ ನೀರು ಬೇಗ ಇಂಗುತ್ತದೆ, ತಿಂಗಳಿಗೊಮ್ಮೆ ಫ್ಲೋಟ್ ನೋಡಿ.

ಹಳೆಯ ಸೆಟ್ಟು ಅಗ್ಗಕ್ಕೆ ಕೊಡುತ್ತೇವೆ ಎನ್ನುವವರಿದ್ದಾರೆ. 1 ಜುಲೈ 2023ರಿಂದ ಹೊಸ ಸೆಟ್ಟುಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಗೆ ಮಿತಿ, ಸಿಪಿಸಿಬಿ 4 ಪ್ಲಸ್ ನಿಯಮ ಬಂದಿದೆ. ಪ್ಲೇಟಿನ ಮೇಲೆ ತಯಾರಾದ ತಿಂಗಳು, ವರ್ಷ ಓದಿ. ಸೈಲೆಂಟ್ ಎಂದರೆ ಸದ್ದಿಲ್ಲ ಎಂದಲ್ಲ, ಡಬ್ಬಿಯಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದು ಎಂದು. ಪಕ್ಕದ ಮನೆಯ ಮಲಗುವ ಕೋಣೆಯ ಕಿಟಕಿಯ ಕೆಳಗೆ ಇಟ್ಟರೆ 75 ಕೂಡ ಜಗಳಕ್ಕೆ ಸಾಕು. ಪೋರ್ಟಿಕೋ, ಮೆಟ್ಟಿಲ ಕೆಳಗೆ, ಮುಚ್ಚಿದ ಶೆಡ್ ಯಾವುದೂ ಬೇಡ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ಚೇಂಜ್‌ಓವರ್‌ಗೆ ಬರೋಣ. ಸಿಂಗಲ್ ಫೇಸಿಗೆ ಎರಡು ಪೋಲ್, ತ್ರೀ ಫೇಸಿಗೆ ನಾಲ್ಕು ಪೋಲ್. ಅಂದರೆ ಫೇಸ್ ಜೊತೆ ನ್ಯೂಟ್ರಲ್ಲೂ ಬದಲಾಗಬೇಕು. ನಡುವೆ ಬಂದ್ ಸ್ಥಾನ ಇರಲೇಬೇಕು. ದುಡ್ಡು ಉಳಿಸಲು ಫೇಸ್ ಒಂದನ್ನೇ ಬದಲಿಸಿ ನ್ಯೂಟ್ರಲ್ ಕೂಡಿಸಿಬಿಡುವುದುಂಟು. ಅದಕ್ಕಿಂತ ಕೆಟ್ಟದ್ದು ಎರಡೂ ತುದಿಗೆ ಪ್ಲಗ್ ಇರುವ ತಂತಿ: ಒಂದು ತುದಿ ಜನರೇಟರಿಗೆ, ಒಂದು ತುದಿ ಗೋಡೆಯ ಸಾಕೆಟ್ಟಿಗೆ. ಮೇನ್ ಬಂದ್ ಮಾಡಲು ಮರೆತರೆ ಆ ಕರೆಂಟು ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ, ಟಿಸಿಯಲ್ಲಿ ಹಿಂದುಮುಂದಾಗಿ 11,000 ವೋಲ್ಟ್ ಆಗುತ್ತದೆ. ಲೈನ್ ಬಂದ್ ಇದೆ ಎಂದು ನಂಬಿ ಮೇಲೆ ಹತ್ತಿದ ಲೈನ್‌ಮನ್ ಅಲ್ಲಿರುತ್ತಾನೆ.

ತ್ರೀ ಫೇಸ್ ಮನೆಗೆ ಸಿಂಗಲ್ ಫೇಸ್ ಜನರೇಟರ್ ಕೊಡುವಾಗ ಮೂರೂ ಫೇಸನ್ನು ಲೂಪ್ ಮಾಡುತ್ತಾರೆ, ಅಂದರೆ ಒಂದಕ್ಕೊಂದು ಕೂಡಿಸಿಬಿಡುತ್ತಾರೆ. ಇಲ್ಲಿ ಒಂದು ಗುಟ್ಟಿದೆ. ಜೆಸ್ಕಾಂ ಕರೆಂಟಿನಲ್ಲಿ ಮೂರು ಫೇಸಿನ ಹೊರೆ ನ್ಯೂಟ್ರಲ್‌ನಲ್ಲಿ ಒಂದನ್ನೊಂದು ಕಳೆಯುತ್ತದೆ. ಲೂಪಿನಲ್ಲಿ ಒಂದಕ್ಕೊಂದು ಕೂಡುತ್ತದೆ. 10 ಕೆವಿಎ ಎಂದರೆ 43 ಆಂಪಿಯರ್, ಅಷ್ಟೂ ಒಂದೇ ನ್ಯೂಟ್ರಲ್‌ನಲ್ಲಿ. ಅಲ್ಲಿ 4 ಚದರ ಮಿಲಿಮೀಟರ್ ತಂತಿ ಇದ್ದರೆ ಮೊದಲು ವಾಸನೆ ಬರುತ್ತದೆ, ಆಮೇಲೆ ಹೊಗೆ. ನ್ಯೂಟ್ರಲ್‌ಗೂ ಫೇಸ್ ಕೇಬಲ್‌ಗೂ 10 ಚದರ ಮಿಲಿಮೀಟರ್ ತಾಮ್ರ ಇರಲಿ. ಹಿಟ್ಟಿನ ಗಿರಣಿಯಂಥ ತ್ರೀ ಫೇಸ್ ಮೋಟರ್ ಇದ್ದರೆ ಲೂಪಿನಿಂದ ಅದನ್ನು ಬಿಡಿಸಿ.

ಬಹಳ ಎಲೆಕ್ಟ್ರಿಷಿಯನ್‌ಗಳಿಗೂ ತಪ್ಪುವ ಮಾತೊಂದಿದೆ. ಜನರೇಟರಿನ ನ್ಯೂಟ್ರಲ್ ಅನ್ನು ಅದರ ಟರ್ಮಿನಲ್ಲಿನಲ್ಲೇ ಅರ್ಥಿಗೆ ಕೂಡಿಸದಿದ್ದರೆ ಮನೆಯ ಆರ್‌ಸಿಸಿಬಿ ಜನರೇಟರ್ ಮೇಲೆ ಕೆಲಸ ಮಾಡುವುದಿಲ್ಲ. ಸೋರಿದ ಕರೆಂಟಿಗೆ ಮರಳುವ ದಾರಿಯೇ ಇಲ್ಲ. ಟೆಸ್ಟ್ ಬಟನ್ ಒತ್ತಿದರೆ ಮಾತ್ರ ಟಪ್ ಎಂದು ಬೀಳುತ್ತದೆ, ಏಕೆಂದರೆ ಬಟನ್ ಫೇಸಿಗೂ ನ್ಯೂಟ್ರಲ್‌ಗೂ ನಡುವಿನದು, ಅರ್ಥನ್ನು ಮುಟ್ಟುವುದೇ ಇಲ್ಲ. ಬಟನ್ ನಂಬಬೇಡಿ, ಜನರೇಟರ್ ಓಡುವಾಗ ಸಾಕೆಟ್ಟಿನಲ್ಲಿ ಆರ್‌ಸಿಸಿಬಿ ಟೆಸ್ಟರ್ ಇಡಿಸಿ.

ಒಪ್ಪಿಸಿಕೊಳ್ಳುವ ದಿನಕ್ಕೆ ಗುರುತು: ಜನರೇಟರ್ ಓಡಿಸಿ, ಚೇಂಜ್‌ಓವರ್‌ನ ಜೆಸ್ಕಾಂ ಕಡೆಯ ಟರ್ಮಿನಲ್ಲಿನಲ್ಲಿ ಮೀಟರ್ ಇಡುವುದು. ಇದನ್ನು ಜೆಸ್ಕಾಂ ಕರೆಂಟು ಇಲ್ಲದ ಹೊತ್ತಿನಲ್ಲೇ ಮಾಡಬೇಕು, ಸೊನ್ನೆ ಬರಬೇಕು. ಖಾಲಿ ಓಡುವಾಗ 52 ಹರ್ಟ್ಸ್ ಆಸುಪಾಸು, ಲೋಡು ಹಾಕಿದಾಗ 50ಕ್ಕೆ ಇಳಿಯಬೇಕು. ಒಂದು ಗಂಟೆ ಪೂರ್ತಿ ಲೋಡಿನಲ್ಲಿ ಬಿಟ್ಟು ಲಗ್‌ಗಳ ಬಿಸಿ ನೋಡಬೇಕು, ಅದೂ ಮಧ್ಯಾಹ್ನ ಎರಡಕ್ಕೆ. ಬೆಳಗಿನ ತಂಪಿನಲ್ಲಿ ಎಲ್ಲ ಸೆಟ್ಟೂ ಓಡುತ್ತದೆ. ಕೊನೆಯ ಹತ್ತು ಶೇಕಡ ಹಣ ಇವಿಷ್ಟನ್ನೂ ಬರೆದ ಕಾಗದಕ್ಕೆ ಸಹಿ ಬಿದ್ದ ಮೇಲೆ. ಮೊದಲ ಸಲ ಆಯಿಲ್ ಬದಲಿಸುವುದು ಸಾಮಾನ್ಯವಾಗಿ 50 ಗಂಟೆ ಓಡಿದ ಮೇಲೆ. ಗಂಟೆ ಮೀಟರಿನ ಅಂಕಿಯನ್ನು ಡಬ್ಬಿಯ ಒಳಬಾಗಿಲಿಗೆ ಮಾರ್ಕರಿನಿಂದ ಬರೆಸುವುದು.

ಜನರೇಟರಿನ ಕಟ್ಟೆಗೆ ಎರೆ ತೆಗೆದು ಗರಸು ಹತ್ತುವವರೆಗೆ ತೋಡಲು ಗೌಂಡಿಗೆ ಹೇಳಿಯಾಗಿದೆ, ಇಲ್ಲದಿದ್ದರೆ ಮುಂದಿನ ಬೇಸಿಗೆಗೆ ಕಟ್ಟೆ ವಾಲುತ್ತದೆ. ಸೋಮವಾರ ಕಾಂಕ್ರೀಟು. ಕೇಬಲ್ ಪೈಪನ್ನು ಅದಕ್ಕೂ ಮುಂಚೆ ಕೂಡಿಸಬೇಕು. ಅದು ಯಾರು ತರುತ್ತಾರೆ ಎಂದು ಇಬ್ಬರನ್ನೂ ನಾಳೆ ಒಟ್ಟಿಗೆ ನಿಲ್ಲಿಸಿ ಕೇಳುವುದು.